ತಂಗಳು ಕಾವು

ಅಡುಗೆಮನೆಯ ಮೇಜಿನ ಮೇಲೆ ಮೂರು ಕಾಗದ.
ಒಂದು ಹೇಳುತ್ತದೆ: ಹಗಲಿರುಳಿಗೆ ಒಂದೇ ದರ.
ಇನ್ನೊಂದು: ನಡುರಾತ್ರಿಯಿಂದ ಏಳು ತಾಸು ಅಗ್ಗ, ಉಳಿದದ್ದೆಲ್ಲ ದುಬಾರಿ.
ಮೂರನೆಯದು ಒಗಟು,
ರಾತ್ರಿ ಐದು ತಾಸು, ಮಧ್ಯಾಹ್ನ ಮೂರು, ಸಂಜೆ ಎರಡು,
ನಡುವೆ ಎಡವಿ ಸ್ವಿಚ್ಚು ಒತ್ತಿದರೆ ಕಿಸೆಗೆ ಕತ್ತರಿ.
ವಾರದಿಂದ ಮೂರರ ಮೇಲೂ
ಚಹಾ ಲೋಟದ ಉಂಗುರಗಳು.

ಹಳೆಯ ಮೀಟರಿನ ಪಕ್ಕ ಒಂದು ಕರಿ ಪೆಟ್ಟಿಗೆ.
ದೂರದ ಗೋಪುರದಿಂದ ರೇಡಿಯೋ ಅಲೆ ಬಂದು
ಅದರ ಕಿವಿಯಲ್ಲಿ 'ಈಗ' ಅಂದರೆ ಸಾಕು,
ಟಕ್.
ಹೀಟರಿನ ಹೊಟ್ಟೆಯೊಳಗೆ ಇಟ್ಟಿಗೆಗಳು ಕಾಯತೊಡಗುತ್ತಿದ್ದವು,
ನಮ್ಮಲ್ಲೂ, ಕೆಳಗಿನ ಬ್ರೆಮ್ನರನಲ್ಲೂ, ಬಂದರಿನ ಬೀದಿಯುದ್ದಕ್ಕೂ.
ಆ ಸದ್ದಿಲ್ಲದ ಮಾತು ಇನ್ನು ನಿಲ್ಲುತ್ತದಂತೆ.
ಅದಕ್ಕೇ ಈ ಕಾಗದಗಳು.

ಕಂಪನಿಯ ಹುಡುಗ ಲಾಕ್ಲನ್ ಫೋನಿನಲ್ಲಿ ಕೇಳಿದ:
"ನಿಮ್ಮ ಬಳಕೆಯಲ್ಲಿ ರಾತ್ರಿಯ ಪಾಲು ನೂರಕ್ಕೆ ಎಷ್ಟು, ಮೇಡಂ?"
ನಕ್ಕುಬಿಟ್ಟೆ. ನನ್ನ ಬದುಕೇ ನೂರಕ್ಕೆ ಎಂಬತ್ತು ರಾತ್ರಿ, ಮಾರಾಯ.
ನಾಲ್ಕಕ್ಕೆ ಶಾಲೆಯ ನೆಲ ಒರೆಸಿ ಹಾಗೇ ವೃದ್ಧಾಶ್ರಮದ ಪಾಳಿ,
ಮಗ್ಗುಲು ಹೊರಳಿಸು, ಹಾಸಿಗೆ ಬದಲಿಸು,
ಮೂರು ಗಂಟೆಗೆದ್ದು ದೋಣಿ ಬಂತಾ ಎನ್ನುವ ಮುದುಕನಿಗೆ
ಇನ್ನೂ ಇಲ್ಲ ಅನ್ನು.

ನಾನಲ್ಲಿ ದುಡಿಯುವಾಗ ಇಲ್ಲಿ ಹೀಟರೂ ದುಡಿಯುತ್ತದೆ.
ಒಂದೇ ಪಾಳಿಯವರು ನಾವು.
ಬೆಳಗ್ಗೆ ಬೂಟು ಕಳಚಿ ಅದಕ್ಕೆ ಬೆನ್ನು ಕೊಟ್ಟು ಕೂತರೆ
ಇರುಳೆಲ್ಲ ಕೂಡಿಟ್ಟ ಕಾವು ಮೂಳೆಗೆ ಕೇಳುವಂತೆ ಮಾತಾಡುತ್ತದೆ.
ಆಮೇಲೆ ನಿದ್ದೆ, ಮೂರರ ತನಕ, ಬಾಗಿಲ ಸಂದಿಯೂ ಬೆಚ್ಚಗೆ.
ಎರಡನೆಯ ಕಾಗದ ನನ್ನ ಅಳತೆಗೇ ಹೊಲಿದ ಅಂಗಿ.

ಬುಧವಾರ ಶಾಲೆಯ ಬಾಯ್ಲರು ಕೆಟ್ಟಿತು. ನೆಲ ಒರೆಸುವುದಿಲ್ಲ.
ಎಷ್ಟೋ ಕಾಲದ ಮೇಲೆ ಸಂಜೆ ಐದೂವರೆಗೆ ನನ್ನ ಮನೆಯಲ್ಲಿ ನಾನು.
ಇಂಗಾ ಮೇಜಿನ ಬಳಿ ಕೂತು ಬರೆಯುತ್ತಿದ್ದಳು
ಕೋಟು ತೊಟ್ಟು, ಬೆರಳ ತುದಿ ಕತ್ತರಿಸಿದ ಕೈಗವಸು ತೊಟ್ಟು.
ಉಸಿರು ಕಾಣುತ್ತಿತ್ತು.
"ಯಾಕೇ?" ಎಂದೆ.
"ಯಾಕೆ ಅಂದರೆ? ದಿನವೂ ಹೀಗೇ" ಎಂದಳು, ತಲೆ ಎತ್ತದೆ.

ಹೀಟರು ಮುಟ್ಟಿದೆ.
ನಿನ್ನೆಯ ಗಂಜಿಯಷ್ಟೂ ಬಿಸಿ ಇಲ್ಲ.
ಮೇಲಿನ ತಿರುಪು ಪೂರ್ತಿ ತೆರೆದಿತ್ತು,
ನಾನೇ ತೆರೆದಿಟ್ಟದ್ದು, ಮಲಗುವ ಮುಂಚೆ, ದಿನವೂ.
ಇಡೀ ಹಂಡೆ ನಾನೊಬ್ಬಳೇ ಬರಿದು ಮಾಡಿ
ಹದಿನಾಲ್ಕರ ಹುಡುಗಿಗೆ ತಳ ಕೆರೆದ ತಂಗಳು ಬಿಟ್ಟಿದ್ದೆ.

ಆ ರಾತ್ರಿ ಪಾಳಿಯಲ್ಲಿ ಔಷಧಿ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ.
ಮೂರನೆಯ ಕಾಗದಕ್ಕೆ ತಿಂಗಳಿಗೆ ಹತ್ತೊಂಬತ್ತು ಪೌಂಡು ಹೆಚ್ಚು.
ಬಟ್ಟೆಯಂತ್ರ ರಾತ್ರಿ ಎರಡಕ್ಕೆ ಹಾಕಿದರೆ ಹದಿನಾರು,
ಬ್ರೆಮ್ನರ್ ಪೊರಕೆಯಲ್ಲಿ ಸೂರು ಗುದ್ದಿದರೆ ಮತ್ತೆ ಹತ್ತೊಂಬತ್ತು.
ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು
ಕೆಂಪು ದೀಪ ಮಿಟುಕಿಸುತ್ತ ತಿರುಗುತ್ತಲೇ ಇದ್ದವು.
ನಮ್ಮ ಗಾಳಿ.
ಬೆಲೆ ಯಾರದೋ.

"ಎರಡನೆಯದೇ" ಎಂದೆ ಲಾಕ್ಲನ್‌ಗೆ.
"ಕಂಪ್ಯೂಟರ್ ಕೂಡ ಅದನ್ನೇ ಹೇಳುತ್ತದೆ" ಎಂದು ಖುಷಿಪಟ್ಟ.
ನಿನ್ನ ಕಂಪ್ಯೂಟರಿಗೆ ಸಂಜೆ ಐದೂವರೆ ಆಗುತ್ತದಾ ಎಂದು ಕೇಳಬೇಕೆನಿಸಿತು.
ಅವನ ಹಿಂದೆ ಯಾರೋ ಕೆಮ್ಮುತ್ತಿದ್ದರು. ಬಿಟ್ಟೆ.

ಈಗ ಮಲಗುವ ಮುಂಚೆ ತಿರುಪನ್ನು ಒಂದಕ್ಕೆ ಇಳಿಸುತ್ತೇನೆ.
ಉಣ್ಣೆ ಟೋಪಿ, ಎರಡು ಕಂಬಳಿ, ಅಮ್ಮನ ಹಳೆಯ ಶಾಲು.
ನಿದ್ದೆ ಮೊದಲಿನಷ್ಟಿಲ್ಲ, ಸುಳ್ಳು ಯಾಕೆ.
ಹೀಟರಿನ ಮೇಲೆ ಚೀಟಿ ಅಂಟಿಸಿದ್ದೇನೆ:
ಬಂದ ಕೂಡಲೇ ಆರಕ್ಕೆ ತಿರುಗಿಸು.

ಮೂರನೆಯ ಕಾಗದ ಹರಿಯಲಿಲ್ಲ.
ಬಿಸ್ಕತ್ತಿನ ಡಬ್ಬಿಯ ಕೆಳಗಿದೆ, ಮಾರ್ಚಿಗೆ ನೋಡೋಣ.

ಇವತ್ತು ಬೆಳಗ್ಗೆ ಬಂದಾಗ
ಕುರ್ಚಿಯ ಬೆನ್ನಿಗೆ ಅವಳ ಕೋಟು ನೇತಾಡುತ್ತಿತ್ತು.
ಜೇಬಿನಿಂದ ಕೈಗವಸಿನ ಒಂದು ಬೆರಳು ಹೊರಗೆ.
ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ:
ನಾಲ್ಕು ಸಾಕು. ನಿನಗೂ ಇರಲಿ.